ಅಕ್ಕೋರ ಕಡೀ ಪಂಗ್ತಿ

ಅಕ್ಕೋರು ನನ್ನನ್ನು ನೋಡಿ ಆಡಿದ ಮೊದಲ ಮಾತು, “ತಮ್ಮಾ, ಈ ಕೋಟ್ ಯಾರದು?”

ನಾನು ಕೆಲಸದ ಸಂದರ್ಶನಕ್ಕೆ ಬಂದಿದ್ದೆ. ಕೋಟು ನನ್ನ ಗೆಳೆಯನ ಮದುವೆಯದು. ಬೇಸಿಗೆಯ ಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡದ ಲಕಮನಹಳ್ಳಿಯವರೆಗೆ ಅದನ್ನು ತೊಟ್ಟುಕೊಂಡೇ ಸ್ಕೂಟರ್ ಓಡಿಸಿ, ಕಂಪನಿಯ ಮೆಟ್ಟಿಲು ಹತ್ತುವ ಹೊತ್ತಿಗೆ ನಾನು ಅರ್ಧ ಬೆಂದಿದ್ದೆ. “ನಂದಽ ರೀ” ಎಂದೆ. ಅವರು ಕುರ್ಚಿಯಿಂದ ಎದ್ದು ಬಂದು, ನನ್ನ ಮೇಲಿನ ಕಿಸೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಳದಿ ಅಕ್ಕಿಕಾಳನ್ನು ಎರಡು ಬೆರಳಿನಿಂದ ತೆಗೆದು ಮೇಜಿನ ಮೇಲಿಟ್ಟರು. “ಲಗ್ನ ಛಂದ ಆತೇನು?” ಎಂದು ಕೇಳಿದರು. ನಾನು ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಕೆಲಸ ಸಿಕ್ಕಿತು. ಯಾಕೆ ಸಿಕ್ಕಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳೋಣವೆಂದರೆ ಅಕ್ಕೋರು ಹೋದ ತಿಂಗಳು ತೀರಿಕೊಂಡರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಧಾರವಾಡದ ಒಂದು ಮಿಷನ್ ಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿದವರು. ಅಲ್ಲಿ ಅವರ ಕೈಯಲ್ಲಿ ಏಟು ತಿಂದ ಹುಡುಗನೊಬ್ಬ ದೊಡ್ಡವನಾಗಿ ಲಕಮನಹಳ್ಳಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ತೆರೆದ. ಕೆಳಗೆ ನಟ್ಟು ಬೋಲ್ಟಿನ ಕಾರ್ಖಾನೆ, ಮೇಲೆ ನಾವು. ಪ್ರೋಗ್ರಾಮ್ ಬರೆಯುವ ಹುಡುಗರು ಸಿಕ್ಕರು, ಆದರೆ ಗಿರಾಕಿಗಳ ಜೊತೆ ಜಗಳವಾಡದೆ ಮಾತಾಡುವವರು ಸಿಗಲಿಲ್ಲ. ಆಗ ಅವನಿಗೆ ಇಡೀ ತರಗತಿಯ ಗಲಾಟೆಯನ್ನು ಒಂದು ಹುಬ್ಬು ಏರಿಸಿ ನಿಲ್ಲಿಸುತ್ತಿದ್ದ ಅಕ್ಕೋರು ನೆನಪಾದರಂತೆ. ಸಪ್ತಾಪುರದ ಅವರ ಮನೆಗೆ ಹೋಗಿ, ಕಾಲಿಗೆ ಬಿದ್ದು, ಕರೆತಂದ. ಮಾಲೀಕನಾದ ಮೇಲೂ ಅವರೆದುರಿಗೆ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಸಂಬಳ ಹೆಚ್ಚು ಮಾಡಿರೆಂದು ನಾನು ಕೇಳಲು ಹೋದಾಗಲೂ ನಿಂತೇ ಇದ್ದ, ಯಾಕೆಂದರೆ ಅಕ್ಕೋರು ಪಕ್ಕದ ಕೋಣೆಯಲ್ಲಿದ್ದರು.

ಕೆಲಸದ ಹೆಸರು ಬಿಸಿನೆಸ್ ಅನಲಿಸ್ಟ್. ನಮ್ಮವ್ವ ಇದನ್ನು ಬೀಗರಿಗೆ ಬಿಡಿಸಿ ಹೇಳುತ್ತಿದ್ದಳು: “ಮಂದಿ ಅಂಗಡಿಗೆ ಹೋಗಿ ನಿಮಗೇನು ಬೇಕು ಅಂತ ಕೇಳ್ತಾನ್ರಿ. ಬರಕೊಂಡು ಬಂದು ಬ್ಯಾರೇದವ್ರಿಗೆ ಹೇಳ್ತಾನ. ತಾ ಏನೂ ಮಾಡಂಗಿಲ್ಲ.” ಸಂಪೂರ್ಣ ಸತ್ಯ. ಆದರೆ ಒಂದು ಮಾತು ಅವ್ವನಿಗೆ ಬಿಟ್ಟುಹೋಗಿತ್ತು. ಕೇಳಿ ಬರೆದುಕೊಂಡದ್ದನ್ನು ಸಾಲು ಹಚ್ಚಬೇಕು. ಮೊದಲು ಯಾವುದು, ಆಮೇಲೆ ಯಾವುದು, ಈ ಸಲಕ್ಕೆ ಯಾವುದು ಇಲ್ಲ. ನಮ್ಮೂರ ಕಡೆ ಅದೇ ಹಣೆಬರಹ. ಯಾರನ್ನೇ ಕೇಳಿ, ಎಲ್ಲಾ ಬೇಕು, ಎಲ್ಲಾ ಮೊದಲು ಬೇಕು, ಯುಗಾದಿಯೊಳಗೆ ಬೇಕು. ಗಟ್ಟಿಸಿ ಕೇಳಿದರೆ, “ನಿಮಗ ತಿಳದಂಗ ಮಾಡ್ರಿ, ಆದ್ರ ಎಲ್ಲಾ ಮಾಡ್ರಿ” ಅನ್ನುತ್ತಾರೆ.

ನನಗೆ ಇದರ ವಿದ್ಯೆ ಬರುತ್ತಿತ್ತು, ಹಾಗೆಂದು ನನ್ನ ತಿಳುವಳಿಕೆ. ಯಾವುದೋ ತರಬೇತಿಗೆ ಹೋಗಿ ಸರ್ಟಿಫಿಕೇಟು ತಂದು, ಲ್ಯಾಮಿನೇಶನ್ ಮಾಡಿಸಿ, ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೆ. ರಿಕ್ವೈರ್‌ಮೆಂಟು, ಪ್ರಯಾರಿಟಿ, ಸ್ಟೇಕ್‌ಹೋಲ್ಡರ್ ಅಂದರೆ ನಾಲಿಗೆಗೆ ಸಿಹಿಯಾಗುತ್ತಿತ್ತು. ಅಕ್ಕೋರು ಒಂದು ದಿನ ಆ ಸರ್ಟಿಫಿಕೇಟಿನ ಮೇಲೆ ಬಿಸಿ ಚಾ ಕಪ್ಪು ಇಟ್ಟು, “ಇದು ಭಾಳ ಉಪಯೋಗ ಅದ ನೋಡು, ಮೇಜಿಗೆ ಕಲಿ ಬೀಳಂಗಿಲ್ಲ” ಎಂದರು. ಅವತ್ತಿನಿಂದ ಅದು ಅದೇ ಕೆಲಸಕ್ಕೆ ನಿಂತಿತು.

ಅವರ ವಿದ್ಯೆ ಊಟದ ಪಂಗ್ತಿಯದು. ಮೊದಲ ವಾರವೇ ನನ್ನನ್ನು ಕೂಡ್ರಿಸಿಕೊಂಡು ಹೇಳಿದರು.

“ನಮ್ಮ ಚರ್ಚಿನ ಕ್ರಿಸ್‌ಮಸ್ ಊಟಕ್ಕ ನಮ್ಮಪ್ಪ ಪಂಗ್ತಿ ಕೂಡಸಾಂವ. ಮೊದಲನೇ ಪಂಗ್ತಿಗೆ ಯಾರು, ಹೇಳು?”

“ದೊಡ್ಡ ಮಂದಿ ರೀ.”

“ಹುಚ್ಚಪ್ಪಾ, ದೊಡ್ಡ ಮಂದಿಗೆ ಎಲ್ಲೆ ಗಡಿಬಿಡಿ ಇರ್ತದ? ಸಣ್ಣ ಹುಡುಗ್ರು. ಸಕ್ಕರಿ ಬ್ಯಾನಿ ಇದ್ದವ್ರು. ಊರಿಗೆ ಹೋಗಾಕ ಬಸ್ ಹಿಡಿಯಾವ್ರು. ಯಾರಿಗೆ ತಡ ಆದ್ರ ನಡಿಯಂಗಿಲ್ಲೋ ಅವರು. ಎರಡನೇದಕ್ಕ ಬೀಗರು ನೆಂಟರು. ಮೂರನೇದಕ್ಕ ಓಣಿ ಮಂದಿ. ಕಡೀಕ ಮನಿಯವ್ರು. ಸಾಫ್ಟ್‌ವೇರ್ ಅಂದ್ರನೂ ಇಷ್ಟಽ.”

ಯಾವುದು ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಯಾರದೋ ಕೆಲಸ ನಿಲ್ಲುತ್ತದೋ ಅದು ಮೊದಲ ಪಂಗ್ತಿ. ಇದ್ದರೆ ಅನುಕೂಲ ಅನ್ನುವುದು ಎರಡನೆಯದು. ಇದ್ದರೆ ಚಂದ ಅನ್ನುವುದು ಮೂರನೆಯದು. ಉಳಿದದ್ದೆಲ್ಲ ಕಡೀ ಪಂಗ್ತಿ. ಗಿರಾಕಿ ಕೇಳಿದ್ದಕ್ಕೆ ‘ಬೇಡ’ ಅನ್ನಲು ಅವರು ಯಾವತ್ತೂ ಬಿಡಲಿಲ್ಲ. “ಕಡೀ ಪಂಗ್ತಿ ಅನ್ನು. ಕಡೀ ಪಂಗ್ತಿ ಅಂದ್ರ ಊಟ ಇಲ್ಲ ಅಂತ ಅಲ್ಲ” ಎನ್ನುತ್ತಿದ್ದರು. ನನಗೆ ಇದೆಲ್ಲ ಬಹಳ ಹಳ್ಳಿತನ ಅನ್ನಿಸುತ್ತಿತ್ತು. ನಾನೂ ಹುಟ್ಟಿ ಬೆಳೆದದ್ದು ಹಳೇ ಹುಬ್ಬಳ್ಳಿಯ ಓಣಿಯಲ್ಲೇ ಎಂಬುದು ಆಗ ಮರೆತಿತ್ತು.

ಸಪ್ತಾಪುರದಲ್ಲಿ ಒಬ್ಬರು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೋಣೆ ಕೊಡುವವರಿದ್ದರು. ಅವರಿಗೆ ಹುಡುಗರ ಮುಖ ನೋಡಿದರೆ ತಾನೇ ತೆರೆದುಕೊಳ್ಳುವ ಗೇಟು, ನೀರಿನ ಟಾಕಿ ತುಂಬಿದರೆ ಹಾಡುವ ಮೊಬೈಲು, ಇನ್ನೂ ಏನೇನೋ ಬೇಕಿತ್ತು. ಅಕ್ಕೋರು ಎಲ್ಲ ಕೇಳಿಸಿಕೊಂಡು, “ಇದರಾಗ ಯಾರ ಬಸ್ ತಪ್ಪತದ್ರಿ?” ಎಂದರು. ಆ ಮನುಷ್ಯ ಗಡಿಬಿಡಿಯಿಂದ ಎದ್ದು, “ನಿಮಗ ಯಾವ ಬಸ್ ಬೇಕ್ರಿ? ನಾನಽ ಗಾಡಿ ಮ್ಯಾಲ ಬಿಡ್ತೇನಿ” ಎಂದ. ಅಕ್ಕೋರು ನಗಲಿಲ್ಲ. ಅವನ ಗಾಡಿ ಮೇಲೆ ಮನೆಯವರೆಗೆ ಹೋಗಿ, ದಾರಿಯಲ್ಲೇ ಅವನಿಗೆ ಬೇಕಾದದ್ದು ಬರೀ ಯಾವ ಕೋಣೆ ಖಾಲಿ ಇದೆಯೆಂದು ತಿಳಿಯುವುದು ಎಂದು ತಿಳಿದುಕೊಂಡು ಬಂದರು. ನಾನು ಅಷ್ಟರಲ್ಲಿ ಹಾಡುವ ಟಾಕಿಗೆ ಚಿತ್ರ ಬರೆದು ಮುಗಿಸಿದ್ದೆ.

ಗಿರಾಕಿ ಮಾತು ಶುರುಮಾಡಿದ ಕೂಡಲೇ ಅಕ್ಕೋರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು. ಎದುರಿಗಿದ್ದವರು ವೇಳೆ ನೋಡುತ್ತಿದ್ದಾರೆಂದು ಗೊತ್ತಾದರೆ ಮನುಷ್ಯ ಗಾಬರಿಯಾಗಿ ದೊಡ್ಡ ದೊಡ್ಡ ಮಾತು ಹೇಳಿ ಮುಗಿಸುತ್ತಾನೆ, ಸಣ್ಣ ಮಾತು ಹೊರಗೆ ಬರುವುದೇ ಇಲ್ಲ ಎಂದು ಅವರ ಅಂಬೋಣ. ಚಂದದ ರೀತಿ, ಒಪ್ಪೋಣ. ಆದರೆ ಎದ್ದು ಬರುವಾಗ ಗಡಿಯಾರ ಅಲ್ಲೇ ಮರೆತು ಬರುತ್ತಿದ್ದರು. ಅದನ್ನು ತರಲು ಹೋಗುವವನು ನಾನು. ನನ್ನ ಮೊದಲ ವರ್ಷದ ವೃತ್ತಿ ಅನುಭವವೆಂದರೆ ಹುಬ್ಬಳ್ಳಿ ಧಾರವಾಡದ ಅಂಗಡಿ, ದವಾಖಾನೆ, ಗೋದಾಮುಗಳಿಂದ ಒಂದು ಹೆಂಗಸರ ಗಡಿಯಾರವನ್ನು ವಾಪಸು ತಂದದ್ದು. ಅದನ್ನೇ ನಾನು ಬಯೋಡೇಟಾದಲ್ಲಿ ‘ಗಿರಾಕಿಗಳೊಂದಿಗೆ ನಿರಂತರ ಸಂಪರ್ಕ’ ಎಂದು ಬರೆದುಕೊಂಡೆ.

ಇಷ್ಟೆಲ್ಲ ಮಂದಿಯ ಬೇಕುಗಳನ್ನು ಸಾಲು ಹಚ್ಚಿದ ಅಕ್ಕೋರಿಗೆ ಸಂಜೆ ಹೋಟೆಲಿಗೆ ಹೋದರೆ ಗಿರ್ಮಿಟ್ ಬೇಕೋ ಮಿರ್ಚಿ ಭಜಿ ಬೇಕೋ ತಿಳಿಯುತ್ತಿರಲಿಲ್ಲ. ಮಾಣಿ ಬಂದು ನಿಂತು, ಹೋಗಿ, ಮತ್ತೆ ಬಂದು ನಿಲ್ಲುತ್ತಿದ್ದ. “ಅಕ್ಕೋರ, ಯಾರ ಬಸ್ ತಪ್ಪತದ್ರಿ?” ಎಂದು ನಾನು ಒಮ್ಮೆ ಕೇಳಿದೆ. “ಬಾಯಿ ಮುಚ್ಚು” ಎಂದು, ಗಿರ್ಮಿಟ್ ತಮಗೂ ಭಜಿ ನನಗೂ ಹೇಳಿ, ಎರಡೂ ಬಂದ ಮೇಲೆ ನನ್ನ ತಟ್ಟೆಯ ಭಜಿಯನ್ನು ಅರ್ಧಕ್ಕೆ ಮುರಿದುಕೊಂಡರು. ಕೇಳುವ ಪದ್ಧತಿಯೇ ಇಲ್ಲ. ಬಿಸ್ಕೀಟಾಗಲಿ, ಪೇರಲ ಹಣ್ಣಾಗಲಿ, ಅವರ ಎಡಗಡೆ ಯಾರು ಕೂತಿದ್ದಾರೋ ಅವರ ಜೊತೆ ಅರ್ಧ ಮಾಡಿಯೇ ತಿನ್ನುವವರು. ಎಡಗಡೆಯ ಕುರ್ಚಿ ಹೆಚ್ಚಾಗಿ ನನ್ನದೇ ಆಗಿತ್ತು, ಯಾಕೆಂದರೆ ಬೇರೆಯವರು ತಮ್ಮ ತಟ್ಟೆ ಪೂರ್ತಿ ತಿನ್ನಲು ಬಯಸುತ್ತಿದ್ದರು.

ಒಂದು ದಿನ ಅಕ್ಕೋರು, “ಇನ್ನ ಸಾಕು, ಮನ್ಯಾಗ ಕೂಡ್ತೇನಿ” ಎಂದರು. ಮಾಲೀಕ ಅಳುವುದೊಂದು ಬಾಕಿ. ಕಡೆಗೆ ಸುಗ್ಗಿಯ ಹೊತ್ತಿಗೆ ಬಿಡುವುದೆಂದು ಒಪ್ಪಂದವಾಯಿತು. ಅವರ ಕುರ್ಚಿಗೆ ಯಾರು? ಅದನ್ನು ಅಕ್ಕೋರೇ ಹೇಳಬೇಕು, ಕಂಪನಿಯೊಳಗೆ ತಕ್ಕವರಿಲ್ಲದಿದ್ದರೆ ಹೊರಗಿನವರನ್ನು ತರುತ್ತೇನೆ ಎಂದ ಮಾಲೀಕ. ನನಗೆ ಆ ಕುರ್ಚಿ ಬೇಕಿತ್ತು. ಸುಳ್ಳು ಯಾಕೆ, ಅನ್ನ ಸೇರದಷ್ಟು ಬೇಕಿತ್ತು. ಹೆಂಡತಿಗೆ ಸಿಕ್ಕೇಬಿಟ್ಟಿತು ಅಂದಿದ್ದೆ. ಅವಳು ಅದನ್ನು ತವರಿಗೆ ಹೇಳಿ, ಮಾವ ಫೋನು ಮಾಡಿ, “ಸಾಹೇಬ್ರಾದ್ರಂತಲ್ಲ” ಎಂದಾಗಿತ್ತು. ಇನ್ನು ಸಿಗದಿದ್ದರೆ ಮುಖ ಎಲ್ಲಿಡುವುದು? ಅದಕ್ಕೇ ಅಕ್ಕೋರು, “ಗಬ್ಬೂರಿನ ಕೆಲಸ ನೀ ಒಬ್ಬಾಂವ ಮಾಡು, ನೋಡೂಣು” ಎಂದಾಗ ನಾನು ಸ್ವಂತದ್ದೊಂದು ಕೋಟು ಹೊಲಿಸಿದೆ.

ಹುಬ್ಬಳ್ಳಿ ಅಂಚಿನ ಗಬ್ಬೂರಿನಲ್ಲಿ ಬೈಪಾಸಿಗೆ ಹೊಂದಿಕೊಂಡು ಒಂದು ದೊಡ್ಡ ಗೋದಾಮು. ಕಾಳು, ಹತ್ತಿ ವ್ಯಾಪಾರದ ಒಟ್ಟು ಕುಟುಂಬ. ಹಿರಿಯರು ಕಾಕಾ, ಹಣೆ ತುಂಬ ವಿಭೂತಿ, ದೊಡ್ಡ ದನಿ. ಅವರ ತಮ್ಮ, ಮಗ, ಮತ್ತು ಗೇಟು ಆಫೀಸು ನೋಡಿಕೊಳ್ಳುವ ಸೊಸೆ. ನಾಲ್ವರಿಗೂ ಬೇಕಾದದ್ದು ಬೇರೆ ಬೇರೆ. ತಮ್ಮನಿಗೆ ರೈತರ ಮೊಬೈಲಿಗೆ ದಿನದ ಧಾರಣೆ ಹೋಗಬೇಕು. ಮಗನಿಗೆ ಕೂತಲ್ಲೇ ಗೋದಾಮಿನಲ್ಲಿ ಎಷ್ಟು ಚೀಲ ಇದೆ ಕಾಣಬೇಕು. ಸೊಸೆಗೆ ಲಾರಿ ಬಂದ ಕೂಡಲೇ ತೂಕದ ಚೀಟಿ ಹೊರಬೀಳಬೇಕು. ಕೈಯಿಂದ ಬರೆಯುವುದರಲ್ಲಿ ಸುಗ್ಗಿಯಲ್ಲಿ ಲಾರಿಗಳ ಸಾಲು ಬೈಪಾಸಿನವರೆಗೂ ನಿಲ್ಲುತ್ತಿತ್ತು. ಹಿಂದಿನ ಸುಗ್ಗಿಯಲ್ಲಿ ಹಾಗೆ ನಿಂತ ಲಾರಿಗೆ ಬೈಕಿನವನೊಬ್ಬ ಗುದ್ದಿ ಕಾಲು ಮುರಿದುಕೊಂಡಿದ್ದ. ಇನ್ನು ಕಾಕಾ. ಅವರಿಗೆ ಕಂಪ್ಯೂಟರ್ ತೆರೆದ ಕೂಡಲೇ ತೀರಿಹೋದ ತಂದೆಯ ಫೋಟೋ ಬರಬೇಕು, ಫೋಟೋಕ್ಕೆ ಹಾರ ಬೀಳಬೇಕು, ಮುಂದೆ ದೀಪ ಉರಿಯಬೇಕು, ಗೋಡೆ ತುಂಬ ಕಾಣಬೇಕು.

ಸುಗ್ಗಿಯೊಳಗೆ ಇದರಲ್ಲಿ ಒಂದು ಮಾತ್ರ ಆಗುತ್ತಿತ್ತು. ಯಾವುದು? ನನ್ನ ತರಬೇತಿಯಲ್ಲಿ ಇದಕ್ಕೆ ಒಂದು ಆಟ ಕಲಿಸಿದ್ದರು. ಪ್ರತಿಯೊಬ್ಬರಿಗೂ ಒಂದಷ್ಟು ಕಾಳು ಕೊಡಬೇಕು, ತಮಗೆ ಮುಖ್ಯ ಅನ್ನಿಸಿದ ಬೇಡಿಕೆಯ ಮೇಲೆ ಅವರು ಇಡಬೇಕು, ಎಲ್ಲಿ ಹೆಚ್ಚು ಬಿತ್ತೋ ಅದು ಮೊದಲು. ನಾನು ಮುಷ್ಟಿ ಮುಷ್ಟಿ ಹುರಿದ ಶೇಂಗಾ ಹಂಚಿದೆ. ಕಾಕಾ ಕೂಡುವ ಗಾದಿಯ ಮೇಲೆ ಒಂದೊಂದು ಬೇಡಿಕೆ ಬರೆದ ರಟ್ಟಿನ ತುಂಡುಗಳನ್ನು ಹಾಸಿದೆ. “ಯಾರೂ ಸಂಕೋಚ ಮಾಡಬ್ಯಾಡ್ರಿ. ಹಿರೇರು ಶುರುಮಾಡ್ರಿ” ಎಂದೆ. ನನ್ನ ಬುದ್ಧಿಗೆ ಬೆಂಕಿ ಹಚ್ಚಬೇಕು. ಹಿರಿಯರು ಶುರುಮಾಡಿದರು.

ಕಾಕಾ ತಮ್ಮ ಶೇಂಗಾ ಅಷ್ಟನ್ನೂ ತಂದೆಯ ಫೋಟೋದ ತುಂಡಿನ ಮೇಲೆ ಸುರಿದು ಕೈಮುಗಿದರು. ತಮ್ಮ, “ಅಣ್ಣ ಎಲ್ಲೆ ಇಟ್ಟಾನೋ ಅಲ್ಲೇ” ಎಂದು ಸುರಿದ. ಮಗ ಅಪ್ಪನ ಮುಖ ನೋಡಿ ಸುರಿದ. ಸೊಸೆ ಸೆರಗು ಸರಿಮಾಡಿಕೊಂಡು ಎರಡೂ ಕೈಯಿಂದ ನಿಧಾನಕ್ಕೆ ಇಟ್ಟಳು. ಸತ್ತ ಅಜ್ಜನ ಫೋಟೋ ಬಿಟ್ಟು ಲಾರಿಯ ಮೇಲೆ ಶೇಂಗಾ ಇಡುವ ಧೈರ್ಯ ನಮ್ಮ ಕಡೆ ಯಾವ ಸೊಸೆಗೆ ಬರುತ್ತದೆ? ಅದು ನನಗೆ ಹೊಳೆಯಲಿಲ್ಲ. ಇಷ್ಟು ಒಮ್ಮತ ನನ್ನ ತರಬೇತಿಯ ಪುಸ್ತಕದಲ್ಲೂ ಇರಲಿಲ್ಲ. ನಾನು ಖುಷಿಯಿಂದ ಕೋಟಿನ ಗುಂಡಿ ಹಾಕಿಕೊಂಡು, ಎಲ್ಲರನ್ನೂ ಹಿಂದೆ ನಿಲ್ಲಿಸಿ, ಸೆಲ್ಫಿ ತೆಗೆದು ಅಕ್ಕೋರಿಗೆ ಕಳಿಸಿದೆ. ತಿರುಗಿ ನೋಡುವುದರಲ್ಲಿ ಕಾಕಾ ನನ್ನ ಪ್ರಯಾರಿಟಿಗಳನ್ನು ಸುಲಿದು ತಿನ್ನುತ್ತಿದ್ದರು. “ಶೇಂಗಾ ಭಾರಿ ಅದಾವಲ್ಲೋ ತಮ್ಮಾ, ಎಲ್ಲೆ ತಂದಿ?” ಎಂದರು.

ಮರುದಿನ ಅಕ್ಕೋರು ತಮ್ಮ ಮೊಬೈಲಿನಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು.

“ಏನ್ ಕಾಣ್ತದ?”

“ನಾನ್ರಿ.”

“ಅದಂತೂ ಕಾಣ್ತದ ಬಿಡು. ಹಿಂದ ನೋಡು. ಆ ಹೆಣ್ಣಮಗಳು ಎಲ್ಲೆ ನೋಡಾಕತ್ತಾಳ?”

ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದರು. ಸೊಸೆ ಮಾತ್ರ ಕಿಟಕಿಯಿಂದ ಹೊರಗೆ, ಗೇಟಿನ ಕಡೆಗೆ ನೋಡುತ್ತಿದ್ದಳು.

“ನಾಳೆ ನಾನೂ ಬರ್ತೇನಿ. ಆ ಕೋಟ್ ಮನ್ಯಾಗ ಬಿಟ್ಟು ಬಾ” ಎಂದರು ಅಕ್ಕೋರು. ಕುರ್ಚಿ ಹೋಯಿತು ಎಂದು ನನಗೆ ಖಾತ್ರಿಯಾಯಿತು. ಆದರೂ ಆಸೆ ನೋಡಿ, ಅವತ್ತು ಸಂಜೆಯೆಲ್ಲ ಕೂತು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಸ್ಲೈಡು ಮಾಡಿದೆ.

ಗಬ್ಬೂರಿಗೆ ಹೋದ ಅಕ್ಕೋರು ಗಾದಿಯ ಕಡೆ ಹೋಗಲೇ ಇಲ್ಲ. ಗೇಟಿನ ಹತ್ತಿರ ಸೊಸೆಯ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡು ಕೂತರು. ಲಾರಿ ಬಂದವು, ಡ್ರೈವರುಗಳು ಕೂಗಾಡಿದರು, ಸೊಸೆ ಬರೆದಳು. ನಾನು ಬಿಸಿಲಿನಲ್ಲಿ ಲ್ಯಾಪ್‌ಟಾಪು ಎದೆಗೊತ್ತಿಕೊಂಡು ನಿಂತಿದ್ದೆ. ಊಟದ ಹೊತ್ತಿಗೆ ಅಕ್ಕೋರು ಒಳಗೆ ಬಂದು ಕಾಕಾನ ಎದುರಿಗೆ ಕೂತು, ಗಡಿಯಾರ ಬಿಚ್ಚಿ ಬೋರಲು ಇಟ್ಟರು. ರಟ್ಟಿನ ತುಂಡುಗಳು ಇನ್ನೂ ಗಾದಿಯ ಮೇಲೇ ಇದ್ದವು.

“ಕಾಕಾರ, ನಿಮ್ಮ ಮನ್ಯಾಗ ದೊಡ್ಡ ಕಾರ್ಯ ಆದ್ರ ಮೊದಲನೇ ಪಂಗ್ತಿಗೆ ಯಾರನ್ನ ಕೂಡಸ್ತೀರಿ?”

“ಮೊದಲ ಮಠದ ಅಯ್ಯಗೋಳು ರೀ. ಅವರ ಜೋಡಿ ಹುಡುಗ್ರು, ದೂರಿಂದ ಬಂದಾವ್ರು. ಬಸ್ಸಿಗೆ ಹೋಗಾವ್ರು ಇರ್ತಾರ ನೋಡ್ರಿ.”

“ನೀವು ಯಾವಾಗ ಉಣ್ತೀರಿ?”

“ನಾನಾ?” ಕಾಕಾ ನಕ್ಕರು. “ನಾ ಯಜಮಾನ ಅಲ್ಲೇನ್ರಿ ಅಕ್ಕೋರ. ಎಲ್ಲಾರದೂ ಆದ ಮ್ಯಾಲ. ಉಳದ್ರ ಹೋಳಿಗಿ, ಇಲ್ಲಾಂದ್ರ ಮಜ್ಜಿಗಿ ಅನ್ನ.”

“ನಿಮ್ಮ ತಂದೀಯವ್ರು?”

“ನಮ್ಮಪ್ಪ! ಏ, ಅಂವ ಉಂಡದ್ದು ಮಂದಿ ನೋಡೇ ಇಲ್ರಿ. ಹೆಗಲ ಮ್ಯಾಲ ಟವಲ್ ಹಾಕ್ಕೊಂಡು ಪಂಗ್ತಿ ತುಂಬ ಅಡ್ಡಾಡಿಕೋತ ನೀಡಾಂವ. ಕಡೀಕ ಒಬ್ಬನ ಕುಂತು…”

ಕಾಕಾ ಮಾತು ನಿಲ್ಲಿಸಿದರು. ನಾನು ಸ್ಲೈಡು ತೋರಿಸಲು ಇದೇ ಸಮಯವೆಂದು ಬಾಯಿ ತೆರೆದೆ, ಅಕ್ಕೋರ ಹುಬ್ಬು ಏರಿತು, ಮುಚ್ಚಿದೆ. ಕಾಕಾ ಸೊಸೆಯನ್ನು ಕರೆದು, “ಯವ್ವಾ, ಹೊರಗ ಎಷ್ಟ ಗಾಡಿ ನಿಂತಾವ?” ಎಂದು ಕೇಳಿದರು. “ಇವತ್ತ ಕಡಿಮಿ ಅದಾವ್ರಿ ಮಾಮಾರ. ಸುಗ್ಗ್ಯಾಗ ರೋಡಿಗೆ ಹೋಗ್ತಾವ” ಎಂದಳು. ಅವಳು ಆ ವಿಷಯವಾಗಿ ಅವರೆದುರಿಗೆ ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ತಂದೆಯ ಫೋಟೋದ ರಟ್ಟನ್ನು ತೆಗೆದು ಕಣ್ಣಿಗೊತ್ತಿಕೊಂಡು, ಗಾದಿಯ ತೀರ ಆಚೆ ತುದಿಗೆ ಇಟ್ಟರು.

“ಅಪ್ಪ ಕಡೀಕ ಉಣ್ಣಾಂವ. ಮೊದಲ ಗೇಟಿಂದ ಮಾಡ್ರಿ” ಎಂದರು.

ತಮ್ಮ, ಮಗ ಇಬ್ಬರೂ ಕೂಡಲೇ ಹೌದು ಹೌದು ಎಂದರು. ಈ ಸಲ ಖರೇ ಹೌದು. ವಾಪಸು ಬರುವಾಗ ಕಾರಿನಲ್ಲಿ ನಾನು, “ಅಕ್ಕೋರ, ನಂದು ಪಾಸೋ ಫೇಲೋ?” ಎಂದು ಕೇಳಿದೆ. “ನನ್ನ ಗಡಿಯಾರ ಎಲ್ಲೆ?” ಎಂದರು. ತಿರುಗಿ ಗಬ್ಬೂರಿಗೆ ಹೋದೆವು.

ಸುಗ್ಗಿಯ ಮೊದಲು ಗೇಟಿನ ಚೀಟಿ ಶುರುವಾಯಿತು, ಬೈಪಾಸು ಖಾಲಿಯಾಯಿತು. ಕಾಕಾನ ಅಪ್ಪನ ಫೋಟೋ ದೀಪದ ಸಮೇತ ಮುಂದಿನ ವರ್ಷ ಬಂತು, ಹಾರ ಸಣ್ಣದಾಯಿತೆಂದು ಕಾಕಾ ಇನ್ನೂ ಫೋನು ಮಾಡುತ್ತಾರೆ. ಆದರೆ ಅದು ಆಮೇಲಿನ ಮಾತು.

ಅಕ್ಕೋರು ಕೆಲಸ ಬಿಡುವ ದಿನ ಕಂಪನಿಯ ಮಾಳಿಗೆಯ ಮೇಲೆ ಶಾಮಿಯಾನ ಹಾಕಿ ಊಟ. ರೊಟ್ಟಿ, ಎಣಗಾಯಿ, ಹೋಳಿಗೆ. ಅಂದೇ ಕುರ್ಚಿಯ ವಿಷಯ ಹೇಳುತ್ತಾರೆಂದು ಸುದ್ದಿ. ನಾನು ಕೋಟು ಹಾಕಿಕೊಂಡು ಹೋಗಿ ಮೊದಲ ಪಂಗ್ತಿಯ ಮೊದಲ ಎಲೆಗೇ ಕೂತೆ. ಕೂತದ್ದೇ ತಡ, ಎಲ್ಲರೆದುರಿಗೆ ಅಕ್ಕೋರ ದನಿ: “ತಮ್ಮಾ, ಏಳು. ಅವರಿಗೆ ಜಾಗಾ ಬಿಡು.”

ಅವರು ಅಂದರೆ ಕೋಟು ತೊಟ್ಟ ಒಬ್ಬ ಅಪರಿಚಿತ. ನನ್ನ ಕೋಟಿಗಿಂತ ಒಳ್ಳೆಯ ಕೋಟು. ನಾನು ಎದ್ದ ಜಾಗದಲ್ಲಿ ಅವನು ಕೂತ. ಅಕ್ಕೋರೇ ನಿಂತು ಅವನಿಗೆ ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿ, “ಇನ್ನೊಂದು ತಗೋರಿ” ಎಂದು ಉಪಚಾರ ಮಾಡಿದರು. ಇವನೇ ಆ ಕುರ್ಚಿಗೆ ಹೊರಗಿನಿಂದ ತಂದ ಮನುಷ್ಯ. ಮಾವನಿಗೆ ಏನು ಹೇಳಲಿ? ಎರಡನೇ ಪಂಗ್ತಿಗೆ ಕೂಡಲು ಹೋದರೆ ಅಕ್ಕೋರು ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟರು. ಮೂರನೇ ಪಂಗ್ತಿಗೆ ಸಾರಿನ ಬಕೆಟ್ಟು ಕೊಟ್ಟರು. ಸಿಟ್ಟಿನಲ್ಲಿ ಸೌಟು ಎತ್ತಿದ್ದಕ್ಕೆ ಸಾರು ಕೋಟಿನ ಮೇಲೆ ಬಿತ್ತು. ಬಿಚ್ಚಿ ಕಂಬಕ್ಕೆ ನೇತುಹಾಕಿ, ಬೆವರು ಒರೆಸಿಕೊಳ್ಳುತ್ತ, ಮನಸ್ಸಿನಲ್ಲೇ ರಾಜೀನಾಮೆ ಬರೆಯುತ್ತ, ಪ್ರೋಗ್ರಾಮರುಗಳಿಗೂ ಕೆಳಗಿನ ಕಾರ್ಖಾನೆಯವರಿಗೂ ಸಾರು ಬಡಿಸಿದೆ.

ಎಲ್ಲರ ಊಟವಾದ ಮೇಲೆ ಅಕ್ಕೋರು ಒಂದು ಎಲೆಗೆ ಕೂತು, ಗಡಿಯಾರ ಬಿಚ್ಚಿ ಬೋರಲು ಇಟ್ಟು, ಎಡಗಡೆಯ ನೆಲವನ್ನು ಅಂಗೈಯಿಂದ ತಟ್ಟಿದರು. “ಬಾ, ಕೂಡು.” ಕೂತೆ. ಬುಟ್ಟಿಯಲ್ಲಿ ಒಂದೇ ಹೋಳಿಗೆ ಉಳಿದಿತ್ತು. ಅದನ್ನು ಮುರಿದು ಅರ್ಧ ನನ್ನ ಎಲೆಗೆ ಹಾಕಿದರು.

“ಅಕ್ಕೋರ, ಆ ಕೋಟಿನವ್ರು ಯಾವಾಗಿಂದ ಕೆಲಸಕ್ಕ ಬರ್ತಾರ್ರಿ?” ಎಂದೆ.

“ಯಾವ ಕೆಲಸ? ಅವರು ನಮ್ಮ ತಂಗಿ ಬೀಗರು. ಮೀರಜಿಗೆ ಹೋಗೂ ಗಾಡಿ ಹೊತ್ತಾಗಿತ್ತು, ಅದಕ್ಕ ಮೊದಲ ಕೂಡ್ಸಿದೆ.”

ಅಷ್ಟರಲ್ಲಿ ಮಾಲೀಕ ಮಜ್ಜಿಗೆಯ ಪಾತ್ರೆ ಹಿಡಿದು ಬಂದ. ಅಕ್ಕೋರು ಅವನನ್ನು ಕೇಳಿದರು, “ಎಲ್ಲಾರದೂ ಆತೇನಪಾ?”

“ಆತ್ರಿ ಅಕ್ಕೋರ.”

“ಹಂಗಾದ್ರ ನೀನೂ ಕೂಡು. ಇನ್ನ ಮನಿಯವ್ರಽ ಉಳದೇವಿ.”

ನನ್ನ ತಲೆ ನಿಧಾನ. ಮಜ್ಜಿಗೆ ಬೆರಳ ಸಂದಿನಿಂದ ಮೊಣಕೈಯವರೆಗೆ ಹರಿದ ಮೇಲೆ ಗಬ್ಬೂರಿನ ಗಾದಿಯ ಮೇಲೆ ಕೇಳಿದ ಯಜಮಾನನ ಊಟದ ಮಾತು ನೆನಪಾಯಿತು. ಅಕ್ಕೋರು ನನ್ನ ಕಡೆ ನೋಡಲೂ ಇಲ್ಲ. ಅನ್ನ ಕಲಿಸುತ್ತ, “ನಾಳಿಂದ ನನ್ನ ಕುರ್ಚಿ ಮ್ಯಾಲ ಕೂಡು. ಒಂದು ಕಾಲು ಅಳ್ಳಾಡ್ತದ, ಹಿಂದ ಒರಗಬ್ಯಾಡ” ಎಂದರು.

ಮರುದಿನ ಒರಗಿದೆ, ಬಿದ್ದೆ.

ಆಮೇಲೆ ವಾರಕ್ಕೊಮ್ಮೆಯಾದರೂ ಸಪ್ತಾಪುರಕ್ಕೆ ಹೋಗುತ್ತಿದ್ದೆ. ಯಾವ ಗಿರಾಕಿ ಏನು ಕೇಳಿದ, ನಾನು ಏನು ಸಾಲು ಹಚ್ಚಿದೆ, ಎಲ್ಲ ಹೇಳುತ್ತಿದ್ದೆ. ಅವರು ಬಿಸ್ಕೀಟು ಅರ್ಧ ಮಾಡಿ ಕೊಟ್ಟು, “ಅಡ್ಡಿ ಇಲ್ಲ” ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಗಲಿಲ್ಲ, ಬೇಕೂ ಅನ್ನಿಸಲಿಲ್ಲ. ಈ ನಡುವೆ ನನಗೊಂದು ಚಟ ಹತ್ತಿತು. ಯಾರ ಮದುವೆಗೆ ಹೋದರೂ ಮೊದಲ ಪಂಗ್ತಿಗೆ ಕೂಡಲಾಗುವುದಿಲ್ಲ. ನಿಂತು ಯಾರಿಗೆ ಗಡಿಬಿಡಿ ಇದೆ ನೋಡುತ್ತೇನೆ. ನಾನು ಕೂಡುವ ಹೊತ್ತಿಗೆ ಜಿಲೇಬಿ ಖಾಲಿ. “ಯಾರದೋ ಲಗ್ನದಾಗ ನೀವ್ಯಾಕ ಯಜಮಾನ್ರಂಗ ನಿಂದರ್ತೀರಿ?” ಎಂದು ಹೆಂಡತಿ ತಲೆ ಚಚ್ಚಿಕೊಳ್ಳುತ್ತಾಳೆ.

ಹೋದ ತಿಂಗಳು ಬೆಳಿಗ್ಗೆ ಚಾ ಕುಡಿಯುತ್ತ ಕೂತ ಅಕ್ಕೋರು ಕೂತಂತೆಯೇ ಹೋದರು. ಮಾಲೀಕ ಫೋನಿನಲ್ಲಿ ಸಣ್ಣ ಹುಡುಗನ ಹಾಗೆ ಅತ್ತ. ನಾನು ಅಳಲಿಲ್ಲ. ಚರ್ಚಿಗೆ ಹೇಳುವುದು, ಗಾಡಿ, ಹೂವು, ದೂರದವರಿಗೆ ಸುದ್ದಿ, ಯಾವುದು ಮೊದಲು ಯಾವುದು ಆಮೇಲೆ, ಕೆಲಸವಿತ್ತು. ಮಣ್ಣು ಮಾಡಿ ಬಂದ ಮೇಲೂ ಅಳಲಿಲ್ಲ. ನನ್ನೊಳಗೆ ಏನೋ ಕೆಟ್ಟಿದೆ ಎಂದು ಹೆಂಡತಿಗೆ ಹೆದರಿಕೆಯಾಗಿತ್ತು, ನನಗೂ.

ಕೆಲವು ದಿನ ಬಿಟ್ಟು ಅವರ ಮನೆಯಂಗಳದಲ್ಲಿ ಪ್ರಾರ್ಥನೆ, ಆಮೇಲೆ ಊಟ. ಪಾಠ ಕಲಿತವರು, ಚರ್ಚಿನವರು, ನಮ್ಮ ಗಿರಾಕಿಗಳು, ಅಂಗಳ ಹಿಡಿಯಲಿಲ್ಲ. ಗಬ್ಬೂರಿನಿಂದ ಕಾಕಾ ಸೊಸೆಯ ಜೊತೆ ಬಂದಿದ್ದರು. ಅಕ್ಕೋರ ತಂಗಿ ನನ್ನ ತೋಳು ಹಿಡಿದು, “ತಮ್ಮಾ, ನೀವು ಹುಬ್ಬಳ್ಳಿಗೆ ಹೋಗಾವ್ರು, ಮೊದಲನೇ ಪಂಗ್ತಿಗೆ ಕೂಡ್ರಿ” ಎಂದರು.

“ಗಾಡಿ ತಂದೇನ್ರಿ. ನನಗೇನೂ ಗಡಿಬಿಡಿ ಇಲ್ಲ” ಎಂದು ಸಾರಿನ ಬಕೆಟ್ಟು ತೆಗೆದುಕೊಂಡೆ. ಕಾಕಾನನ್ನು ಕೂಡ್ರಿಸಲು ಹೋದರೆ ಅವರೂ ಕೇಳಲಿಲ್ಲ. ಹೆಗಲ ಮೇಲೆ ಟವಲು ಹಾಕಿಕೊಂಡು ಅನ್ನದ ಬುಟ್ಟಿಯ ಹತ್ತಿರ ನಿಂತುಬಿಟ್ಟರು.

ಕಡೀ ಪಂಗ್ತಿಗೆ ಉಳಿದವರು ಕೆಲವೇ ಮಂದಿ. ಮಾಲೀಕ ನೀರು ಕೊಡುತ್ತಿದ್ದ. ನಾನು ಒಂದು ಎಲೆಗೆ ಕೂತೆ. ಒಂದು ಎಲೆ ಬಿಟ್ಟು ಆಚೆ ಕಾಕಾ ಕೂತರು. ಅಕ್ಕೋರ ತಂಗಿ ಬಂದು, “ಅಕ್ಕಗ ಸೇರತಿತ್ತು ಅಂತ ಮಾಡಿಸಿದ್ವಿ. ಇದೊಂದಽ ಉಳದದ” ಎಂದು ನನ್ನ ಎಲೆಗೆ ಹೋಳಿಗೆ ಹಾಕಿದರು. ನಾನು ಅದನ್ನು ಮುರಿದು, ಅರ್ಧವನ್ನು ಅಕ್ಕೋರು ಕೂಡುತ್ತಿದ್ದ ಬಲಗಡೆಗೆ ಚಾಚಿದೆ.

ಅಲ್ಲಿ ಖಾಲಿ ಎಲೆ ಇತ್ತು. ಕೈ ಹಿಂದೆ ತೆಗೆದುಕೊಳ್ಳಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

ಕಾಕಾ ನೋಡಿದರು. ನೆಲಕ್ಕೆ ಕೈಯೂರಿ ಸರಿದು ಆ ಎಲೆಗೆ ಬಂದು ಕೂತು, ನನ್ನ ಕೈಯಿಂದ ಹೋಳಿಗೆ ಇಸಿದುಕೊಂಡರು. ಅಂಗಳದ ತುಂಬ ಒಮ್ಮೆ ಕಣ್ಣಾಡಿಸಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು:

“ಎಲ್ಲಾರದೂ ಆತು ತಮ್ಮಾ. ಇನ್ನ ಅಳಾಕ ಅಡ್ಡಿ ಇಲ್ಲ.”